ತೆಂಗಿನ ಸಸಿ: ನಮ್ಮ ತೋಟದ ಕಾಯಿಯಾ, ಗಿಡ್ಡ ತಳಿಯಾ, ಹೈಬ್ರಿಡ್ಡಾ?

ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆ ಹತ್ತಿರ ಬಂತು ಅಂದ್ರೆ ನನಗೆ ಫೋನು ಜಾಸ್ತಿ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಹಳೇ ವಿದ್ಯಾರ್ಥಿಗಳು ಕೇಳುವುದು ಒಂದೇ. "ಮಾಷ್ಟ್ರೇ, ಗುಂಡಿ ತೆಗೆಸಿ ಆಯ್ತು, ಯಾವ ತೆಂಗಿನ ಸಸಿ ತರಲಿ?" ಈ ಸಲ ಒಬ್ಬ ಇನ್ನೊಂದು ಮಾತು ಸೇರಿಸಿದ, ಅದು ನನ್ನನ್ನು ಬಿಡಲಿಲ್ಲ. "ನಮ್ಮ ಅಜ್ಜ ಒಳ್ಳೆ ಮರದ ಕಾಯಿಯನ್ನೇ ಆರಿಸಿ ನೆಟ್ಟದ್ದು. ಅವರ ಅಪ್ಪನೂ ಹಾಗೇ. ಆದ್ರೂ ಒಂದು ಮರದಲ್ಲಿ ವರ್ಷಕ್ಕೆ 120 ಕಾಯಿ, ಪಕ್ಕದ ಮರದಲ್ಲಿ 40. ಇಷ್ಟು ತಲೆಮಾರು ಆರಿಸಿದ ಮೇಲೆ ಎಲ್ಲಾ ಮರವೂ ಒಳ್ಳೇದೇ ಆಗ್ಬೇಕಿತ್ತಲ್ವಾ?"

ನನಗೆ ಇವೆರಡೂ ಬೇರೆ ಬೇರೆ ಪ್ರಶ್ನೆ ಅನ್ನಿಸುವುದಿಲ್ಲ. ಮರ ಮರಕ್ಕೂ ಇರುವ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಯಾಕೆ ಮುಗಿಯುವುದಿಲ್ಲ ಅಂತ ಗೊತ್ತಾದರೆ ಯಾವ ಸಸಿ ತರಬೇಕು ಅಂತ ನೀವೇ ಹೇಳಬಲ್ಲಿರಿ. ಅದು ಗೊತ್ತಿಲ್ಲದೆ ತಂದರೆ ತಪ್ಪು ಗೊತ್ತಾಗುವುದು ಏಳೆಂಟು ವರ್ಷ ಆದ ಮೇಲೆ, ಆಗ ಮರ ಕಡಿಯಲೂ ಮನಸ್ಸು ಬರುವುದಿಲ್ಲ.

ಮೊದಲು ಯಾವುದರಿಂದ ಅಳೆಯಬೇಕು ಅನ್ನುವುದನ್ನು ನೋಡೋಣ. ಎಷ್ಟು ಬೇಗ ಕಾಯಿ ಬಿಡುತ್ತದೆ, ಎಷ್ಟು ಬಿಡುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನೀರು ಎಷ್ಟು ಬೇಕು, ದುಡ್ಡು ಎಷ್ಟು ಅಂತಲೂ ಕೇಳುತ್ತಾರೆ. ಕೇಳದೆ ಬಿಡುವ ಎರಡು ಸಂಗತಿ ಇವೆ. ತಾಯಿಮರದ ಗುಣ ಮಗುವಿಗೆ ಎಷ್ಟು ಇಳಿದೀತು ಅನ್ನುವುದು ಒಂದು. ಈ ತೋಟದಿಂದ ಮುಂದೆ ಇನ್ನೊಂದು ಸಲ ಆರಿಸಲು ನನ್ನ ಕೈಯಲ್ಲಿ ಏನಾದರೂ ಉಳಿದೀತೇ ಅನ್ನುವುದು ಇನ್ನೊಂದು. ನನ್ನ ಲೆಕ್ಕದಲ್ಲಿ ಈ ಕೊನೆಯದ್ದಕ್ಕೇ ತೂಕ ಜಾಸ್ತಿ.

ವ್ಯತ್ಯಾಸ ಯಾಕೆ ಮುಗಿಯುವುದಿಲ್ಲ?

ಸಿಪ್ಪೆಯ ಬಣ್ಣ ಕಣ್ಣಿಗೆ ಕಂಡ ಕೂಡಲೇ ಇದು ಹಸಿರು, ಇದು ಕೇಸರಿ ಅಂತ ಹೇಳಬಹುದು. ಕಾಯಿಯ ಸಂಖ್ಯೆ, ಕೊಬ್ಬರಿಯ ತೂಕ, ಮರದ ಎತ್ತರ ಹಾಗಲ್ಲ. ಇವು ಎಣಿಸಿ, ಅಳೆದು ಹೇಳುವ ಗುಣಗಳು. ಇವುಗಳ ಹಿಂದೆ ಒಂದೆರಡು ಜೀನು ಇರುವುದಲ್ಲ, ತುಂಬಾ ಜೀನುಗಳು ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತವೆ. ಮಣ್ಣು, ನೀರು, ಗೊಬ್ಬರದ ಪಾಲು ಬೇರೆ. ಇಂಥ ಗುಣಗಳೂ ಬಟಾಣಿಯಲ್ಲಿ ಮೆಂಡೆಲ್ ಕಂಡುಕೊಂಡ ನಿಯಮದಂತೆಯೇ ಇಳಿದು ಬರುತ್ತವೆ ಅಂತ ಗಣಿತದಿಂದ ತೋರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಆರ್.ಎ. ಫಿಶರ್, 1918ರಲ್ಲಿ.

ಅದಕ್ಕೂ ಮೊದಲು ಈ ವಿಷಯದಲ್ಲಿ ದೊಡ್ಡ ಗೊಂದಲ ಇತ್ತು. ಅಪ್ಪ ಅಮ್ಮನ ಗುಣ ಮಜ್ಜಿಗೆಗೆ ನೀರು ಬೆರೆತ ಹಾಗೆ ಬೆರೆಯುತ್ತದೆ ಅಂತ ಜನ ತಿಳಿದಿದ್ದರು. ಹಾಗೆ ಬೆರೆಯುವುದಾದರೆ ಪ್ರತಿ ತಲೆಮಾರಿಗೂ ವ್ಯತ್ಯಾಸ ಅರ್ಧರ್ಧ ಆಗಿ, ಕೆಲವೇ ತಲೆಮಾರಿನಲ್ಲಿ ಎಲ್ಲರೂ ಒಂದೇ ಆಗಬೇಕು. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಅನ್ನುವ ಎಂಜಿನಿಯರ್ ಡಾರ್ವಿನ್ನರ ನಿಸರ್ಗದ ಆಯ್ಕೆಯ ವಾದಕ್ಕೆ ಕೊಟ್ಟ ಪೆಟ್ಟು ಈ ಬೆರಕೆಯ ಲೆಕ್ಕದಿಂದಲೇ ಬಂದದ್ದು. ಆದರೆ ಜೀನುಗಳು ಬೆರೆಯುವುದಿಲ್ಲ. ಅವು ಚೆನ್ನೆಮಣೆಯ ಕಾಯಿಗಳ ಹಾಗೆ. ಒಂದು ಗುಳಿಯಿಂದ ಇನ್ನೊಂದಕ್ಕೆ ಹೋಗುತ್ತವೆ, ಒಟ್ಟು ಸೇರುತ್ತವೆ, ಬೇರೆಯಾಗುತ್ತವೆ. ಕರಗಿ ಹೋಗುವುದಿಲ್ಲ.

ತೆಂಗಿನಲ್ಲಿ 16 ಜೊತೆ ಕ್ರೋಮೋಸೋಮು, ಅಂದ್ರೆ ಜೀನುಗಳನ್ನು ಹೊತ್ತ ಎಳೆಗಳು ಇವೆ. ಒಂದು ಮರ ಒಂದೊಂದು ಜೊತೆಯಿಂದ ಒಂದೊಂದನ್ನು ಮಾತ್ರ ಕೊಡುತ್ತದೆ. ಅಷ್ಟರಿಂದಲೇ 65,536 ಬಗೆಯ ಹಂಚಿಕೆ ಆಗಬಹುದು, ಕ್ರೋಮೋಸೋಮುಗಳ ನಡುವೆ ತುಂಡು ಬದಲಾಗುವುದನ್ನು ಲೆಕ್ಕಕ್ಕೆ ಹಿಡಿಯದೆ. ಒಂದೇ ಗೊನೆಯ ಎರಡು ಕಾಯಿ ಅಕ್ಕ ತಂಗಿ ಹೌದು, ಒಂದೇ ಅಚ್ಚು ಅಲ್ಲ.

ಸರಿ, ಕರಗುವುದಿಲ್ಲ ಅಂತಾಯ್ತು. ಆದರೂ ಆರಿಸುತ್ತಾ ಹೋದರೆ ಕಡಿಮೆ ಫಸಲಿನ ಜೀನುಗಳು ತೋಟದಿಂದ ಹೊರಗೆ ಹೋಗಬೇಕಲ್ವಾ? ಇದಕ್ಕೆ ವಿಜ್ಞಾನಿಗಳು ಕೊಡುವ ಉತ್ತರ ಒಂದಲ್ಲ, ಹಲವು.

ಒಂದು, ಜೀನುಗಳು ತುಂಬಾ ಇದ್ದಾಗ ನಮ್ಮ ಆಯ್ಕೆಯ ಒತ್ತಡ ಒಂದೊಂದರ ಮೇಲೆ ಬೀಳುವುದು ತೀರಾ ಸ್ವಲ್ಪ. ಅಮೆರಿಕದ ಇಲಿನಾಯ್‌ನಲ್ಲಿ 1896ರಲ್ಲಿ ಮೆಕ್ಕೆಜೋಳದ ಎಣ್ಣೆ ಮತ್ತು ಪ್ರೋಟೀನಿಗಾಗಿ ಆಯ್ಕೆ ಶುರು ಮಾಡಿದರು, ನೂರು ತಲೆಮಾರು ದಾಟಿದರೂ ಎಣ್ಣೆ ಏರುತ್ತಲೇ ಇತ್ತು. ಎರಡು, ಜೀನುಗಳಲ್ಲಿ ಹೊಸ ರೂಪಾಂತರಗಳು ಹುಟ್ಟುತ್ತಲೇ ಇರುತ್ತವೆ. ಅವನ್ನು ಆಯ್ಕೆ ಗುಡಿಸುತ್ತದೆ, ಮತ್ತೆ ಹುಟ್ಟುತ್ತವೆ. ಮೂರು, ಒಂದು ಗುಣ ಹೆಚ್ಚಿದರೆ ಇನ್ನೊಂದು ಕುಗ್ಗುತ್ತದೆ. ಇದು ನಮ್ಮ ತೋಟದಲ್ಲೇ ಕಾಣುವ ಮಾತು, ಗೊನೆಗೆ ಕಾಯಿ ಜಾಸ್ತಿ ಆದ ಮರದಲ್ಲಿ ಸಾಮಾನ್ಯವಾಗಿ ಕಾಯಿ ಸಣ್ಣ, ಕೊಬ್ಬರಿ ತೆಳು. ಅಜ್ಜ ಕಾಯಿ ಎಣಿಸಿ ಆರಿಸಿದ್ದರೆ ಅಜ್ಜಿ ಗಾತ್ರ ನೋಡಿ "ಇದು ಪದಾರ್ಥಕ್ಕೆ ಒಳ್ಳೇದು" ಅಂತ ಎತ್ತಿಟ್ಟಿರುತ್ತಾರೆ. ಎರಡೂ ಬಗೆ ಉಳಿಯಿತು.

ನಾಲ್ಕನೆಯದು ಜಾಗ ಮತ್ತು ವರ್ಷ. ಗಾಲಾಪಗೋಸ್ ದ್ವೀಪಗಳಲ್ಲಿ ಡಾಫ್ನೆ ಮೇಜರ್ ಅಂತ ಒಂದು ಸಣ್ಣ ದ್ವೀಪ. ಅಲ್ಲಿಯ ಫಿಂಚ್ ಹಕ್ಕಿಗಳನ್ನು ಪೀಟರ್ ಗ್ರಾಂಟ್, ರೋಸ್‌ಮರಿ ಗ್ರಾಂಟ್ ದಂಪತಿ ವರ್ಷಗಟ್ಟಲೆ ಅಳೆದರು. 1977ರ ಬರಗಾಲದಲ್ಲಿ ಗಟ್ಟಿ ಬೀಜ ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚಾಗಿ ಬದುಕಿದವು. 1983ರ ದೊಡ್ಡ ಮಳೆಯ ಮೇಲೆ ಸಣ್ಣ ಬೀಜವೇ ತುಂಬಿತು, ಆಗ ಸಣ್ಣ ಕೊಕ್ಕಿನವಕ್ಕೆ ಅನುಕೂಲ. ಯಾವುದೂ ಪೂರ್ತಿ ಗೆಲ್ಲಲಿಲ್ಲ, ಯಾವುದೂ ಪೂರ್ತಿ ಅಳಿಯಲಿಲ್ಲ. ನಮ್ಮಲ್ಲೂ ಮುರಕಲ್ಲಿನ ಗುಡ್ಡೆಯ ಮೇಲೆ ಬದುಕುವ ಮರ ಒಂದು ಬಗೆ, ಬಯಲಿನ ಕರೆಯಲ್ಲಿ ಗೊನೆ ತೂಗುವ ಮರ ಇನ್ನೊಂದು ಬಗೆ.

ಇವುಗಳಲ್ಲಿ ತೆಂಗಿಗೆ ಯಾವುದು ಹೆಚ್ಚು ಹೊಂದುತ್ತದೆ ಅಂತ ಕೇಳಿದರೆ, ನಾನು ಮೊದಲು ಹೇಳುವುದು ಇನ್ನೂ ಸರಳವಾದ ಕಾರಣ. ತಲೆಮಾರು ಉದ್ದ. ತಾಯಿಮರ ಅಂತ ನಂಬಿ ಆರಿಸಬೇಕಾದರೆ ಮರಕ್ಕೆ 20 ವರ್ಷವಾದರೂ ಆಗಬೇಕು. ಹಾಗಾದರೆ ನೂರು ವರ್ಷದಲ್ಲಿ ಆಯ್ಕೆ ನಡೆದದ್ದು ಐದೇ ಸಲ! ಅದರಲ್ಲೂ ತಾಯಿಯನ್ನು ಮಾತ್ರ ಆರಿಸಿದ್ದು. ಎತ್ತರದ ತೆಂಗಿನ ಹೊಂಬಾಳೆಯಲ್ಲಿ ಗಂಡು ಹೂ ಮೊದಲು ಅರಳಿ ಉದುರುತ್ತದೆ, ಹೆಣ್ಣು ಹೂ ಆಮೇಲೆ ತಯಾರಾಗುತ್ತದೆ. ಹಾಗಾಗಿ ಪರಾಗ ಬರುವುದು ಹೆಚ್ಚಾಗಿ ಬೇರೆ ಮರದಿಂದ, ಗಾಳಿ ಮತ್ತು ಜೇನ್ನೊಣದ ಮೂಲಕ. ಆ ಅಪ್ಪ 40 ಕಾಯಿಯ ಮರವೂ ಇರಬಹುದು, ಆಚೆ ಮನೆಯವರ ಮರವೂ ಇರಬಹುದು.

ಒಂದು ಲೆಕ್ಕ ಮಾಡಿ ನೋಡೋಣ. ತೋಟದ ಸರಾಸರಿ 60 ಕಾಯಿ ಅಂತ ಇಟ್ಟುಕೊಳ್ಳಿ. ನಿಮ್ಮ ಒಳ್ಳೆ ಮರ 120, ಅಂದ್ರೆ 60 ಜಾಸ್ತಿ. ಈ ಹೆಚ್ಚಿಗೆಯಲ್ಲಿ ಅರ್ಧ ಮಾತ್ರ ಮಕ್ಕಳಿಗೆ ದಾಟುವ ಜೀನಿನದ್ದು, ಉಳಿದದ್ದು ಗೊಬ್ಬರ, ನೀರು, ಅದೃಷ್ಟದ್ದು ಅಂತ ಲೆಕ್ಕಕ್ಕೆ ಹಿಡಿಯೋಣ. 30 ಆಯ್ತು. ತಾಯಿ ಕೊಡುವುದು ಅದರಲ್ಲಿ ಅರ್ಧ, ಅಪ್ಪ ಯಾವುದೋ ಸರಾಸರಿ ಮರ. ಹಾಗಾಗಿ ಉಳಿದದ್ದು 15. ಮಕ್ಕಳ ಸರಾಸರಿ 75. 120 ಅಲ್ಲ. ಆ 75ರ ಸುತ್ತ ಕೆಲವು 110, ಕೆಲವು 45. ಆ ಹುಡುಗನ ಅಜ್ಜ ತಪ್ಪು ಮಾಡಿದ್ದಲ್ಲ, ಅವರು ಪ್ರತಿ ಸಲ ಸ್ವಲ್ಪ ಮೇಲೆ ಎತ್ತಿದ್ದಾರೆ. ವ್ಯತ್ಯಾಸ ಉಳಿದದ್ದರಿಂದಲೇ ಮುಂದಿನ ಸಲವೂ ಎತ್ತಲು ಸಾಧ್ಯ ಆಯ್ತು.

ನಮ್ಮದೇ ತೋಟದ ಎತ್ತರದ ತೆಂಗು

ಪಶ್ಚಿಮ ಕರಾವಳಿ ಎತ್ತರದ ತಳಿ ಅಂತ ಪುಸ್ತಕದಲ್ಲಿ ಹೇಳುವುದು ನಮ್ಮ ಊರ ತೆಂಗನ್ನೇ. ಕಾಯಿ ಹಿಡಿಯಲು ಆರೇಳು ವರ್ಷ ಬೇಕು, ಆಮೇಲೆ 60, 80 ವರ್ಷ ನಿಲ್ಲುತ್ತದೆ. ಒಳ್ಳೆ ಆರೈಕೆಯಲ್ಲಿ ವರ್ಷಕ್ಕೆ ಸುಮಾರು 80 ಕಾಯಿ. ಖರ್ಚು ಅಂದ್ರೆ ಕೊಯ್ಲಿನವರ ಕೂಲಿ, ಸಸಿ ಎಬ್ಬಿಸುವ ಪಾತಿಯ ಕೆಲಸ, ಒಂದು ವರ್ಷದ ತಾಳ್ಮೆ.

ಇಲ್ಲಿ ಎಲ್ಲ ನಿಂತಿರುವುದು ತಾಯಿಮರದ ಆಯ್ಕೆಯ ಮೇಲೆ. ದನದ ಹಟ್ಟಿಯ ಹತ್ತಿರದ, ಗೊಬ್ಬರದ ಗುಂಡಿಯ ಪಕ್ಕದ, ಬಚ್ಚಲ ನೀರು ಹೋಗುವ ಜಾಗದ ಮರವನ್ನು ತಾಯಿ ಮಾಡಬೇಡಿ. ಅದು ಎಷ್ಟೇ ಗೊನೆ ಹೊತ್ತಿರಲಿ, ಆ ಗೊನೆಯಲ್ಲಿ ಹಟ್ಟಿಯ ಪಾಲೆಷ್ಟು, ಮರದ ಪಾಲೆಷ್ಟು ಅಂತ ಗೊತ್ತಾಗುವುದಿಲ್ಲ. ಹಟ್ಟಿಗೊಬ್ಬರ ಬೀಜದಲ್ಲಿ ಇಳಿದು ಬರುವುದಿಲ್ಲವಲ್ಲ. ತೋಟದ ನಡುವೆ, ಎಲ್ಲ ಮರಕ್ಕೂ ಸಿಕ್ಕಷ್ಟೇ ಸಿಕ್ಕಿಯೂ ಮೇಲೆ ನಿಂತ ಮರ ಹುಡುಕಿ. 20 ವರ್ಷ ದಾಟಿರಬೇಕು, 30ಕ್ಕಿಂತ ಹೆಚ್ಚು ಮಡಲು ಇರಬೇಕು, ಮಡಲಿನ ದಂಟು ಗಿಡ್ಡ ಮತ್ತು ಗಟ್ಟಿ ಇರಬೇಕು, ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುವ ಮರ ಆಗಬಾರದು. ಒಂದು ಸಲದ ಎಣಿಕೆ ಸಾಲದು. ಮರಕ್ಕೆ ಪೈಂಟಿನಲ್ಲಿ ನಂಬರು ಹಾಕಿ ಮೂರು ನಾಲ್ಕು ವರ್ಷ ಪ್ರತಿ ಕೊಯ್ಲಿಗೂ ಬರೆದಿಡಿ. ಹಾಗೆ ಬರೆದಾಗ ಒಂದೇ ವರ್ಷದ ಅದೃಷ್ಟ ಜರಡಿಯಲ್ಲಿ ಕೆಳಗೆ ಬೀಳುತ್ತದೆ, ಮರದ ಸ್ವಂತ ಗುಣ ಮೇಲೆ ಉಳಿಯುತ್ತದೆ. ನನ್ನ ತೋಟದಲ್ಲಿ ಹೀಗೆ ಬರೆದು ನೋಡಿದಾಗ ನಾನು ಮನಸ್ಸಿನಲ್ಲೇ ಒಂದನೇ ಸ್ಥಾನ ಕೊಟ್ಟಿದ್ದ ಮರ ನಾಲ್ಕನೆಯದಕ್ಕೆ ಇಳಿಯಿತು.

ಒಂದೇ ತಾಯಿಯಿಂದ ಎಲ್ಲಾ ಕಾಯಿ ತೆಗೆಯಬೇಡಿ, ಐದಾರು ಮರದಿಂದ ತೆಗೆಯಿರಿ. ಒಂದರಿಂದಲೇ ತೆಗೆದರೆ ನಾಳೆ ತೋಟದ ತುಂಬಾ ಅಕ್ಕ ತಂಗಿಯರೇ ಆಗುತ್ತಾರೆ, ಮುಂದಿನ ತಲೆಮಾರಿನಲ್ಲಿ ಹತ್ತಿರದ ಸಂಬಂಧದಲ್ಲೇ ಪರಾಗ ಸೇರಿ ಸಸಿ ಸೊರಗುತ್ತದೆ. ಪಾತಿಯಲ್ಲಿ ಎರಡನೇ ಆಯ್ಕೆ ಇದೆ. ಬೇಗ ಮೊಳೆತದ್ದು, 10, 12 ತಿಂಗಳಿಗೆ ಆರಾದರೂ ಎಲೆ ಇರುವುದು, ಬುಡದ ಸುತ್ತಳತೆ 10 ಸೆಂಟಿಮೀಟರ್ ದಾಟಿದ್ದು ಮಾತ್ರ ಇಟ್ಟುಕೊಳ್ಳಿ. ಆರು ತಿಂಗಳಾದರೂ ಮೊಳೆಯದ ಕಾಯಿಯನ್ನು ತೆಗೆದುಬಿಡಿ. ಈ ಎರಡನೇ ಆಯ್ಕೆಗೆ ದುಡ್ಡಿನ ಖರ್ಚೇ ಇಲ್ಲ, ಆದರೂ ಜನ ಮಾಡುವುದಿಲ್ಲ. ಇಷ್ಟು ದಿನ ನೀರು ಹೊಯ್ದ ಸಸಿ ಅಂತ ಮುದ್ದು.

ಗಿಡ್ಡ ತಳಿ

ನಾಗರಪಂಚಮಿಗೆ ಎಲ್ಲರೂ ಹುಡುಕುವ ಗೆಂದಾಳಿ ಈ ಗುಂಪಿನದ್ದು. ಚಾವಕ್ಕಾಡ್ ಕೇಸರಿ ಗಿಡ್ಡ, ಚಾವಕ್ಕಾಡ್ ಹಸಿರು ಗಿಡ್ಡ ಅಂತ ನರ್ಸರಿಯಲ್ಲಿ ಹೇಳುತ್ತಾರೆ. ಮೂರು ನಾಲ್ಕು ವರ್ಷಕ್ಕೇ ಕಾಯಿ. ಮೊದಲ ಕೆಲವು ವರ್ಷ ನೆಲದಲ್ಲಿ ನಿಂತೇ ಕೊಯ್ಯಬಹುದು, ಈಗ ಮರ ಹತ್ತುವವರು ಸಿಗದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಬೊಂಡದ (ಎಳೆಕಾಯಿಯ) ನೀರು ಸಿಹಿ. ಕೊಬ್ಬರಿಗೆ ಮಾತ್ರ ಲಾಯಕ್ಕಲ್ಲ, ಎಣ್ಣೆಗೆ ಕೊಟ್ಟರೆ ಬೇಸರವಾದೀತು. ಬೇಸಿಗೆಯಲ್ಲಿ ನೀರು ತಪ್ಪಿದರೆ ಮೊದಲು ಬಾಡುವುದೂ ಇದೇ, ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಮಾರ್ಚಿಗೇ ತಳ ಕಾಣುವ ಮನೆಯವರು ಯೋಚನೆ ಮಾಡಬೇಕು.

ಆನುವಂಶಿಕವಾಗಿ ಇದು ಎತ್ತರದ ತೆಂಗಿಗೆ ಪೂರ್ತಿ ವಿರುದ್ಧ. ಗಂಡು ಹೂ, ಹೆಣ್ಣು ಹೂ ಒಂದೇ ಸಮಯಕ್ಕೆ ತಯಾರಾಗುವುದರಿಂದ ಹೆಚ್ಚಾಗಿ ತನ್ನ ಪರಾಗ ತನಗೇ. ಹೀಗೆ ತಲೆಮಾರುಗಟ್ಟಲೆ ಆದರೆ ಒಂದು ವಂಶದ ಒಳಗೆ ವ್ಯತ್ಯಾಸವೇ ಉಳಿಯುವುದಿಲ್ಲ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ಯೋಹಾನ್ಸೆನ್ 1903ರಲ್ಲಿ ಹುರುಳಿಕಾಯಿ ಬೀಜದಲ್ಲಿ ಇದನ್ನೇ ತೋರಿಸಿದರು. ಶುದ್ಧ ವಂಶದ ಒಳಗೆ ದೊಡ್ಡ ಬೀಜ ಆರಿಸಿ ಬಿತ್ತಿದರೂ, ಸಣ್ಣದು ಆರಿಸಿ ಬಿತ್ತಿದರೂ ಬೆಳೆ ಒಂದೇ ಬಂತು. ಇದರಿಂದ ನಿಮಗೆ ಸಿಗುವ ಅನುಕೂಲ ಏನಂದ್ರೆ, ಒಂದೇ ಮೂಲದಿಂದ ಬಂದ ಗೆಂದಾಳಿಗಳಲ್ಲಿ ತಾಯಿಮರ ಹುಡುಕುತ್ತಾ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಆರೋಗ್ಯದ ಮರ ಆದರೆ ಸಾಕು. ಅನನುಕೂಲವೂ ಅದೇ. ಆರಿಸಿ ಮೇಲೆತ್ತಲು ಅಲ್ಲಿ ಏನೂ ಇಲ್ಲ. ಒಂದು ರೋಗ ಒಂದು ಮರಕ್ಕೆ ಒಗ್ಗಿದರೆ ಸಾಲಿಗೆ ಸಾಲೇ ಒಗ್ಗೀತು.

ಬೀಜದ ಕಾಯಿ ಬೇಗ ಹಾಳಾಗುತ್ತದೆ. ಕೊಯ್ದು 10, 15 ದಿನದೊಳಗೆ ಪಾತಿಗೆ ಹಾಕಿ.

ಹೈಬ್ರಿಡ್

ಇದು ನಮ್ಮ ಜಿಲ್ಲೆಯ ಹೆಮ್ಮೆ. 1932ರಲ್ಲಿ ಜೆ.ಎಸ್. ಪಟೇಲ್ ಅವರು ನೀಲೇಶ್ವರದಲ್ಲಿ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿದರು, ಜಗತ್ತಿನಲ್ಲೇ ಮೊದಲ ಸಲ. 1916ರಲ್ಲಿ ಶುರುವಾದ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರವೇ ಈಗಿನ ಸಿಪಿಸಿಆರ್‌ಐ, ಅಂದ್ರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಅಲ್ಲಿಂದ ಬಂದ ಕೇರಸಂಕರ, ಚಂದ್ರಸಂಕರ, ಚಂದ್ರಲಕ್ಷ ತಳಿಗಳ ಹೆಸರು ನೀವು ಕೇಳಿರುತ್ತೀರಿ. ನಾಲ್ಕೈದು ವರ್ಷಕ್ಕೆ ಕಾಯಿ, ಒಳ್ಳೆ ಆರೈಕೆ ಇದ್ದರೆ ವರ್ಷಕ್ಕೆ 100ರ ಮೇಲೆ, ಕೊಬ್ಬರಿಯೂ ಚೆನ್ನಾಗಿ ಬರುತ್ತದೆ.

ಇವುಗಳ ನಡುವೆಯೂ ಆರಿಸುವುದಿದೆ. ಚಂದ್ರಸಂಕರದಲ್ಲಿ ತಾಯಿ ಕೇಸರಿ ಗಿಡ್ಡ, ಅಪ್ಪ ಊರ ಎತ್ತರ. ನೀರು ಧಾರಾಳ ಇದ್ದಲ್ಲಿಗೆ ಇದು. ಕೇರಸಂಕರದಲ್ಲಿ ತಾಯಿ ಎತ್ತರ, ಅಪ್ಪ ಗಿಡ್ಡ. ಚಂದ್ರಲಕ್ಷದಲ್ಲಿ ತಾಯಿ ಲಕ್ಷದ್ವೀಪದ ಎತ್ತರದ ತೆಂಗು. ಇವೆರಡು ಬರವನ್ನು ಹೆಚ್ಚು ತಾಳುತ್ತವೆ, ಗುಡ್ಡೆಯ ಜಾಗಕ್ಕೆ ಇವನ್ನೇ ನೋಡಿ.

ದುಡ್ಡು ಜಾಸ್ತಿ ಯಾಕೆ ಅಂತ ಕೇಳುತ್ತಾರೆ. ಒಂದೊಂದು ಹೊಂಬಾಳೆಗೂ ಮರ ಹತ್ತಿ ಗಂಡು ಹೂ ತೆಗೆಯಬೇಕು, ಹೆಣ್ಣು ಹೂ ತಯಾರಾದ ದಿನಗಳಲ್ಲಿ ಮತ್ತೆ ಹತ್ತಿ ಪರಾಗ ಹಾಕಬೇಕು. ಆ ಕೆಲಸದ ಕ್ರಯ ಅದು. ಅದಕ್ಕೇ ಕಡಿಮೆ ದುಡ್ಡಿಗೆ ಗಾಡಿಯಲ್ಲಿ ಬರುವ ಹೈಬ್ರಿಡ್ಡನ್ನು ನಂಬಬೇಡಿ. ನಾನು ಒಂದು ಖಾಸಗಿ ನರ್ಸರಿಯಿಂದ 15 ಸಸಿ ತಂದೆ. ಆರರ ದಂಟು ಚೆಂದದ ಕೇಸರಿ ಬಣ್ಣ, ನೋಡಿ ಖುಷಿಪಟ್ಟು ನೆಟ್ಟೆ. ನಾಲ್ಕು ವರ್ಷ ಆದ ಮೇಲೆ ನೋಡಿದರೆ ಆ ಆರೂ ಬರೀ ಗೆಂದಾಳಿ. ತಾಯಿ ಕೇಸರಿ ಗಿಡ್ಡವಾದಾಗ ತನ್ನ ಪರಾಗವೇ ಸೇರಿ ಹುಟ್ಟಿದ ಸಸಿಯ ದಂಟು ಕೇಸರಿಯಾಗಿ ಉಳಿಯುತ್ತದೆ, ನಿಜವಾದ ಸಂಕರದ ದಂಟು ಕಂದು ಹಸಿರಿಗೆ ತಿರುಗುತ್ತದೆ. ಚಂದ್ರಸಂಕರ ತರುವಾಗ ಕೇಸರಿ ದಂಟಿನದ್ದನ್ನು ಬಿಟ್ಟು ಬನ್ನಿ. ಪಾಠ ಮಾಡುವಾಗ ನಾನೇ ಇದನ್ನು ಮಕ್ಕಳಿಗೆ ಹೇಳುತ್ತಿದ್ದೆ, ತರುವ ದಿನ ಮರೆತೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಹೈಬ್ರಿಡ್ ಮರದ ಕಾಯಿಯನ್ನು ಬೀಜಕ್ಕೆ ಇಡಬೇಡಿ. ಗಿಡ್ಡದ ಜೀನೂ ಎತ್ತರದ ಜೀನೂ ಅದರಲ್ಲಿ ಜೊತೆ ಜೊತೆಯಾಗಿ ಕೂತಿವೆ, ಮುಂದಿನ ತಲೆಮಾರಿನಲ್ಲಿ ಅವೆಲ್ಲ ಬೇರೆ ಬೇರೆ ಹಂಚಿಹೋಗುತ್ತವೆ. ನಮ್ಮ ಹತ್ತಿರದ ಒಬ್ಬರು ಮಾವ ಹಾಗೆ 20 ಕಾಯಿ ಇಟ್ಟರು. ಎಂಟು ವರ್ಷದ ಮೇಲೆ ಆ ಸಾಲು ನೋಡಿದರೆ ಒಂದು ಸೊಂಟದೆತ್ತರದಲ್ಲೇ ಕಾಯಿ ಹಿಡಿದಿದೆ, ಒಂದು ಬೋಳಾಗಿ ಆಕಾಶಕ್ಕೆ ಹೋಗಿದೆ, ಎರಡು ಮಾತ್ರ ತಾಯಿಯ ಹಾಗಿವೆ. ಬೆಳೆಗಾರನಿಗೆ ಅದು ನಷ್ಟ. ಸಂಶೋಧಕರಿಗೆ ಅದೇ ಸಾಲು ಬಂಗಾರ, ಅಡಗಿದ್ದ ವ್ಯತ್ಯಾಸ ಅಲ್ಲಿ ಹೊರಗೆ ಬಂದಿರುತ್ತದೆ.

ಹೈಬ್ರಿಡ್ ತೋಟ ಪೂರ್ತಿ ಒಂದೇ ಸಮ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಗಿಡ್ಡದ ಕಡೆಯಿಂದ ಬಂದದ್ದು ಬಹುಮಟ್ಟಿಗೆ ಒಂದೇ, ಎತ್ತರದ ಕಡೆಯಿಂದ ಬಂದದ್ದು ಸಸಿಗೊಂದು ಬಗೆ.

ಸಂಸ್ಥೆಯವರು ಆರಿಸಿದ ಎತ್ತರದ ತಳಿಗಳು

ಚಂದ್ರಕಲ್ಪ ಲಕ್ಷದ್ವೀಪದ್ದು, ಬರ ತಾಳುತ್ತದೆ, ಎಣ್ಣೆ ಜಾಸ್ತಿ. ಕೇರಚಂದ್ರ ಫಿಲಿಪೈನ್ಸಿನ ತೆಂಗಿನಿಂದ ಆರಿಸಿದ್ದು. ತಾಯಿಮರ ಬರೆದಿಡುವಷ್ಟು ಪುರುಸೊತ್ತು ಇಲ್ಲದವರಿಗೆ, ಹೈಬ್ರಿಡ್ಡಿನ ಆರೈಕೆಯೂ ಆಗದವರಿಗೆ ಇದು ನಡುವಿನ ದಾರಿ. ಹೊರಗಿನ ಪರಾಗವೂ ನಿಮ್ಮ ತೋಟಕ್ಕೆ ಬರುತ್ತದೆ, ಅದು ಒಳ್ಳೇದೇ.

ಎಲ್ಲ ಒಂದೇ ಹಾಕಿದರೆ ಏನು?

ಇಲ್ಲಿ ಸ್ವಲ್ಪ ನಿಲ್ಲಬೇಕು. 1882ರ ದೊಡ್ಡ ನೆರೆ ಇಳಿದ ಮೇಲೆ ತೆಂಕಣ ಕೇರಳದ ಈರಾಟ್ಟುಪೇಟೆಯಲ್ಲಿ ತೆಂಗಿಗೆ ಒಂದು ಹೊಸ ರೋಗ ಕಂಡಿತು. ಮಡಲಿನ ಗರಿಗಳು ಜೋತು ಬೀಳುತ್ತವೆ, ಹಳದಿಯಾಗುತ್ತವೆ, ಫಸಲು ಕುಗ್ಗುತ್ತದೆ. ಬೇರುಸೊರಗು ರೋಗ ಅಂತ ಕರೆಯುತ್ತಾರೆ. ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುವುದು ಅಂತ ತಿಳಿಯಲು ಸುಮಾರು ನೂರು ವರ್ಷ ಬೇಕಾಯಿತು. ವಾಸಿ ಮಾಡುವ ಮದ್ದಿಲ್ಲ. ಆದರೆ ರೋಗ ತುಂಬಿದ ತೋಟಗಳ ನಡುವೆಯೇ ಕೆಲವು ಮರ ಹಸಿರಾಗಿ ನಿಂತಿದ್ದವು. ಅಂಥವನ್ನು ಹುಡುಕಿ, ಆರಿಸಿ, ಸಂಕರ ಮಾಡಿದ್ದರಿಂದಲೇ ಕಲ್ಪಶ್ರೀ, ಕಲ್ಪರಕ್ಷ, ಕಲ್ಪಸಂಕರ ಅನ್ನುವ ತಳಿಗಳು ಬಂದವು. ಆ ತೋಟಗಳಲ್ಲಿ ಎಲ್ಲಾ ಮರವೂ ಒಂದೇ ಅಚ್ಚಿನವು ಆಗಿದ್ದರೆ ಆರಿಸಲು ಏನು ಉಳಿಯುತ್ತಿತ್ತು? ಕೊಕ್ಕಡ, ಸುಬ್ರಹ್ಮಣ್ಯದ ಕಡೆ ಹೋದರೆ ಸಿಪಿಸಿಆರ್‌ಐಯ ಕಿದು ಕೇಂದ್ರ ಸಿಗುತ್ತದೆ. ಬೇರೆ ಬೇರೆ ದೇಶಗಳ ತೆಂಗನ್ನು ಅಲ್ಲಿ ಸಾಲು ಸಾಲಾಗಿ ಬದುಕಿಸಿ ಇಟ್ಟಿದ್ದಾರೆ, ಇದೇ ಕಾರಣಕ್ಕೆ.

ಹಾಗಾದರೆ ನಿಮಗೆ ಯಾವುದು?

ಮನೆಯ ಸುತ್ತ 10 ಸೆಂಟ್ಸ್ ಮಾತ್ರ ಇದ್ದು, ಮನೆ ಖರ್ಚಿಗೆ ಕಾಯಿ, ಬೊಂಡ ಸಾಕಾದರೆ ಎರಡು ಹೈಬ್ರಿಡ್, ಒಂದು ಗೆಂದಾಳಿ ಹಾಕಿ. ಅಲ್ಲಿ ವ್ಯತ್ಯಾಸ ಉಳಿಸುವ ಹೊಣೆ ನಿಮ್ಮ ಮೇಲೆ ಹೊರಿಸುವುದು ನ್ಯಾಯವಲ್ಲ.

ನೀರು, ಗೊಬ್ಬರ ಎರಡೂ ಇದ್ದು ಹೊಸದಾಗಿ ಒಂದು ಎಕರೆ ಮಾಡುವವರಿಗೆ ಏಳೂವರೆ ಮೀಟರ್ ಅಂತರದಲ್ಲಿ 70 ಸಸಿ ಹಿಡಿಯುತ್ತದೆ. ಅರ್ಧ ಹೈಬ್ರಿಡ್, ಅರ್ಧ ಆರಿಸಿದ ಎತ್ತರದ್ದು. ಹೈಬ್ರಿಡ್ ಬೇಗ ದುಡ್ಡು ತರುತ್ತದೆ, ಎತ್ತರದ್ದು ಮುಂದಿನ ಬೀಜ ಕೊಡುತ್ತದೆ. ಆದರೆ ಬೀಜದ ಮರಗಳನ್ನು ಹೈಬ್ರಿಡ್ಡಿನ ಸಾಲಿನಿಂದ ದೂರದ ಮೂಲೆಯಲ್ಲಿ ಇಡಿ, ಪರಾಗ ಅಲ್ಲಿಂದಲೂ ಬರುತ್ತದೆ. ಬೊಂಡ ಮಾರುವುದೇ ಕಸುಬು, ರಸ್ತೆ ಹತ್ತಿರ ಇದೆ ಅಂದ್ರೆ ಗಿಡ್ಡಕ್ಕೇ ಹೋಗಿ, ಕೇಸರಿ ಹಸಿರು ಎರಡನ್ನೂ ಬೆರೆಸಿ. ನೀರಿಲ್ಲದ ಮುರಕಲ್ಲ ಗುಡ್ಡೆಗೆ ಅದೇ ಗುಡ್ಡೆಯಲ್ಲಿ 40 ವರ್ಷ ಬದುಕಿ ಕಾಯಿ ಕೊಟ್ಟ ಮರದ ಸಸಿಯೇ ನನ್ನ ಮೊದಲ ಆಯ್ಕೆ. ಕೈಯಲ್ಲಿ ದುಡ್ಡಿಲ್ಲದವರಿಗೂ ಅದೇ, ಮತ್ತು ಅದು ಕಡಿಮೆ ದರ್ಜೆಯ ಆಯ್ಕೆ ಅಂತ ದಯವಿಟ್ಟು ತಿಳಿಯಬೇಡಿ.

ಅಜ್ಜನ ತೋಟದ ಹುಡುಗನಿಗೆ ಇರುವುದು 12 ಗುಂಡಿ. ಅವನಿಗೆ ನಾನು ಹೇಳಿದ್ದು ಇಷ್ಟು. ಮೂರು ಕೇರಸಂಕರ ಈ ಮಳೆಗೇ ತಾ. ಒಂದು ಗೆಂದಾಳಿ ಬಾವಿಕಟ್ಟೆಯ ಹತ್ತಿರ ಹಾಕು, ಬೇಸಿಗೆಯಲ್ಲಿ ನೀರು ಹೊಯ್ಯಲು ಸುಲಭ. ಉಳಿದ ಎಂಟು ಗುಂಡಿಯನ್ನು ಮುಂದಿನ ವರ್ಷಕ್ಕೆ ಬಿಡು. 120 ಕಾಯಿಯ ಮರ ಹಟ್ಟಿಯ ಪಕ್ಕದ್ದಲ್ಲ ಅಂತ ಮೊದಲು ನೋಡಿಕೋ, ಅಂಥ ಇನ್ನೂ ನಾಲ್ಕು ಮರ ಹುಡುಕು, ಬಲಿತ ಗೊನೆಯನ್ನು ಹಗ್ಗ ಕಟ್ಟಿ ಇಳಿಸಿ 25 ಕಾಯಿ ಪಾತಿಗೆ ಹಾಕು. ಯಾವ ಕಾಯಿ ಯಾವ ಮರದ್ದು ಅಂತ ಪಾತಿಯಲ್ಲೇ ಕಡ್ಡಿ ಚುಚ್ಚಿ ಬರೆದಿಡು. ಬರುವ ಪತ್ತನಾಜೆಗೆ ಅದರಲ್ಲಿ ಒಳ್ಳೆಯ ಎಂಟು ಆರಿಸಲು ನಾನೇ ಬರುತ್ತೇನೆ.